ದೊಡ್ಡಮೊಕಕ್ಕೆ ಬಾಯಿ

೧

ಈ ಕಥೆ ಹುಲಿಯಿಂದ ಶುರುವಾಗಬೇಕಂತೆ. ನನ್ನ ಮಾತಲ್ಲ, ವಿಶೇಷಾಂಕದ ಸಂಪಾದಕರದು. ‘ಗುಂಡ್ಲುಪೇಟೆ ಕಡೆಯ ಕಥೆ ಅಂತೀರಿ, ಬಂಡೀಪುರ ಅಲ್ಲೇ ಪಕ್ಕ. ಮೊದಲ ಪ್ಯಾರಾದಲ್ಲೇ ಒಂದು ಹುಲಿ ದಾಟಿಸಿಬಿಡಿ ಸಾರ್, ಆಮೇಲೆ ಏನು ಬೇಕಾದರೂ ಬರೆದುಕೊಳ್ಳಿ’ ಎಂದು ಫೋನಿನಲ್ಲಿ ಧಾರಾಳವಾಗಿ ಅನುಮತಿ ಕೊಟ್ಟರು. ದಾಟಿಸಿದೆ. ‘ಜೋಳದ ಹೊಲದ ಅಂಚಿನಲ್ಲಿ ಹುಲಿ ಕಾಣಿಸಿಕೊಂಡಿತು’ ಎಂದು ಬರೆದು, ಓದಿ, ಹೊಡೆದುಹಾಕಿದೆ. ಈ ಕಥೆಯಲ್ಲಿ ಹುಲಿ ಯಾರನ್ನೂ ತಿನ್ನುವುದಿಲ್ಲ. ಆ ಕೆಲಸಕ್ಕೆ ಊರಿನವರೇ ಸಾಕು.

ಹಾಗಾದರೆ ಮುಖವಾಡದಿಂದ ಶುರು ಮಾಡಲೇ? ‘ಮುಖವಾಡವೆಂಬುದು ಮನುಷ್ಯನ ಆದಿಮ ಕನ್ನಡಿ’ ಎಂಬ ವಾಕ್ಯವೊಂದು ತಲೆಯಲ್ಲಿ ಇಸ್ತ್ರಿ ಮಾಡಿಕೊಂಡು ನಿಂತಿದೆ. ಸೆಮಿನಾರಿನಲ್ಲಿ ಇದನ್ನು ಹೇಳಿದರೆ ಮುಂದಿನ ಸಾಲಿನವರು ತಲೆಯಾಡಿಸುತ್ತಾರೆ, ಊಟಕ್ಕೆ ಕರೆಯುವವರೆಗೂ ಆಡಿಸುತ್ತಲೇ ಇರುತ್ತಾರೆ. ಅದರ ಅರ್ಥ ನನಗೂ ಗೊತ್ತಿಲ್ಲ. ಅದೂ ಹೋಯಿತು.

(ಓದುಗರೇ, ನೀವಿನ್ನೂ ಇಲ್ಲೇ ಇದ್ದೀರಾ? ಹುಲಿ ಇಲ್ಲ, ಕನ್ನಡಿ ಇಲ್ಲ. ಹೋಗುವುದಾದರೆ ಈಗಲೇ ಹೋಗಿ. ಆಮೇಲೆ ನನ್ನನ್ನು ಬೈಯಬೇಡಿ.)

೨

ವಿಷಯಕ್ಕೆ ಬರುತ್ತೇನೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಒಂದು ಊರು. ಹೆಸರು ಬೇಡ, ಹಾಕಿದರೆ ಆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ತಿಥಿ ಮಾಡುತ್ತಾರೆ. ಅಲ್ಲಿಯ ಮಾರಿಹಬ್ಬಕ್ಕೆ ಒಂದು ಮುಖವಾಡ ಕಟ್ಟುತ್ತಾರೆ. ಹಾಲುವಾಣದ ಮರದ್ದು, ಮೊರದಗಲ, ಕೆಂಪು ಬಣ್ಣ, ಗುಡ್ಡೆಗಣ್ಣು. ಊರವರ ಬಾಯಲ್ಲಿ ಅದು ದೊಡ್ಡಮೊಕ. ಕಟ್ಟುವ ಹಕ್ಕು ಕೆಳಬೀದಿಯ ಮಾದೇವನ ಮನೆತನದ್ದು. ಮೊದಲು ಅವನಪ್ಪ ಕಟ್ಟುತ್ತಿದ್ದ, ಈಗ ಇವನು. ಕಟ್ಟಿಕೊಂಡಿರುವಷ್ಟು ಹೊತ್ತು ಮಾದೇವನೇ ಮಾರಮ್ಮ. ಮೇಲ್ಬೀದಿಯ ಜಮೀನುದಾರರು ಅವನ ಕಾಲು ಮುಟ್ಟುತ್ತಾರೆ. ಬಿಚ್ಚಿದ ಮೇಲೆ ಅವನು ಅವರದೇ ಹೊಲಗಳಲ್ಲಿ ಕಳೆ ಕೀಳುತ್ತಾನೆ.

ಇದು ನಿಮಗೆ ಗೊತ್ತಿರುವ ಕಥೆ. ಒಂದು ದಿನ ದೇವರು, ಮಿಕ್ಕ ದಿನ ಕೂಲಿ. ಇಷ್ಟೇ ಆಗಿದ್ದರೆ ನಿಮ್ಮ ಹೊತ್ತು ಕೆಡಿಸುತ್ತಿರಲಿಲ್ಲ. ದೊಡ್ಡಮೊಕದ ವಿಶೇಷ ಬೇರೆಯದು. ಅದಕ್ಕೆ ಬಾಯಿ ಇಲ್ಲ. ತುಟಿಗಳಿವೆ, ತುಟಿಗಳ ನಡುವೆ ಸೀಳಿಲ್ಲ. ಒಳಗಿರುವವನು ಏನಂದರೂ ಮರದೊಳಗೆ ಗುಂಯ್ ಎನ್ನುತ್ತದೆ, ಅಷ್ಟೆ. ಆಗ ಮೇಲ್ಬೀದಿಯ ಯಜಮಾನರು ಮುಂದೆ ಬಂದು ಆ ಮರದ ತುಟಿಗೆ ಕಿವಿ ಇಡುತ್ತಾರೆ. ಕೇಳಿಸಿಕೊಂಡು, ಊರ ಕಡೆ ತಿರುಗಿ, ಅಮ್ಮ ಏನಂದಳು ಎಂದು ಹೇಳುತ್ತಾರೆ. ಅವರು ಹೇಳಿದ್ದೇ ಅಪ್ಪಣೆ.

ಈಗಿನ ಯಜಮಾನರು ಗಂಗಾಧರಸ್ವಾಮಿ. ನನಗೆ ದೂರದ ನೆಂಟರು. ಕುದೇರಿನ ನಮ್ಮ ಮನೆಯ ಮದುವೆಗಳಲ್ಲೆಲ್ಲ ಮೊದಲ ಪಂಕ್ತಿಯಲ್ಲಿ ಕೂರುವವರು. ಈ ಸಂಗತಿ ನನಗೆ ಗೊತ್ತಾದದ್ದೇ ಅವರಿಂದ. ‘ಬಾಯಿಲ್ಲದ ದೇವ್ರು ಎಲ್ಲಾರ ಕಂಡಿದ್ದೀರಾ ಮೇಷ್ಟ್ರೇ? ಬರೀರಿ ಇದ್ರ ಮ್ಯಾಲೆ’ ಎಂದಿದ್ದರು. ಬರೆದೆ. ‘ಬಾಯಿಲ್ಲದ ದೈವ: ಒಂದು ಅಧ್ಯಯನ’ ಎಂದು ಶೀರ್ಷಿಕೆ. ಕಥೆಯಲ್ಲ, ಪ್ರಬಂಧ. ಪ್ರಮೋಷನ್ನಿಗೆ ಪಾಯಿಂಟು ಬರುತ್ತದೆ.

೩

ನಾನು ಚಾಮರಾಜನಗರದಲ್ಲಿದ್ದು ಗುಂಡ್ಲುಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವವನು. ಕೈಯಲ್ಲೇ ಬರೆಯುತ್ತೇನೆ. ಬರೆದದ್ದನ್ನು ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಕೊಟ್ಟರೆ ಅಲ್ಲಿಯ ಹುಡುಗಿ ಟೈಪ್ ಮಾಡಿಕೊಡುತ್ತಾಳೆ. ಹೆಸರು ನೀಲಾವತಿ. ನನ್ನ ಒತ್ತಕ್ಷರಗಳನ್ನು ತಾನೇ ತಿದ್ದುತ್ತಿದ್ದಳು, ಅದಕ್ಕೆ ಮಾತ್ರ ನನಗೆ ಅವಳ ಮೇಲೆ ಗೌರವ ಇತ್ತು.

ಪ್ರಬಂಧ ಕೊಟ್ಟ ವಾರ ಅವಳು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟಳು.

‘ಸಾರ್, ಇಲ್ಲಿ ಓರ್ವ ಅನಕ್ಷರಸ್ಥ ಕಲಾವಿದ ಅಂತ ಬರ್ದಿದ್ದೀರಲ್ಲ, ಅದು ನಮ್ಮಪ್ಪ. ಮಾದೇವ ಅಂತ. ಹೆಸ್ರು ಹಾಕ್ಲಾ?’

ಹಾಕು ಎಂದೆ.

‘ಹಾಕುದ್ರೆ ಪೂರ್ತಿ ಹಾಕ್ಬೇಕಾಯ್ತದೆ. ಆ ಮೊಕ ನಮ್ಮಕ್ಕನ್ನ ಏನ್ ಮಾಡ್ತು ಅನ್ನೋದೂ ಬರ್ಬೇಕಾಯ್ತದೆ.’

ಪ್ರಬಂಧ ಅಲ್ಲೇ ಸತ್ತಿತು. ಪ್ರಮೋಷನ್ನೂ ಅದರ ಜೊತೆ ಸಹಗಮನ ಮಾಡಿತು. ಅವತ್ತಿನಿಂದ ನಾನು ಬರೆಯುತ್ತಿರುವುದು ಈ ಕಥೆ. ಟೈಪ್ ಮಾಡುತ್ತಿರುವವಳು ನೀಲಾವತಿ. ಅವಳು ಒಂದು ಷರತ್ತು ಹಾಕಿದಳು: ತನಗೆ ಸರಿ ಕಾಣದ ಕಡೆ ನಡುವೆ ಬಾಯಿ ಹಾಕುತ್ತಾಳೆ, ನಾನು ಅದನ್ನು ತೆಗೆಯಕೂಡದು. ಇಲ್ಲಿ ಚೌಕ ಕಂಸದಲ್ಲಿ ಬರುವುದೆಲ್ಲ ಅವಳದು.

[ಒತ್ತಕ್ಷರ ಈಗ್ಲೂ ನಾನೇ ತಿದ್ತಾ ಇರೋದು.]

೪

ಮೂರು ವರ್ಷದ ಹಿಂದಿನ ಮಾರಿಹಬ್ಬ.

ಮಾದೇವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕುಮಾರಿ, ಚಿಕ್ಕವಳು ನೀಲಾವತಿ. ಗಂಗಾಧರಸ್ವಾಮಿಗಳಿಗೆ ಒಬ್ಬನೇ ಮಗ, ಬಸವಪ್ರಸಾದ್. ಮುಂದಿನದನ್ನು ನೀವೇ ಊಹಿಸಿದಿರಿ, ಊಹಿಸಿದ್ದು ಸರಿ. ಇಬ್ಬರೂ ಬೆಟ್ಟದ ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದನ್ನು ಮೇಲ್ಬೀದಿಯ ಯಾರೋ ಕಂಡರು. ಮದುವೆಯಾಗುವ ಮಾತು ಆಡಿಕೊಂಡಿದ್ದರು ಎಂದೂ ಗೊತ್ತಾಯಿತು. ಬಸವಪ್ರಸಾದ್ ಮನೆಯಲ್ಲಿ ಬಾಯಿ ಬಿಟ್ಟು ಒಪ್ಪಿಕೊಂಡನಂತೆ, ಅಲ್ಲಿಯವರೆಗೂ ಧೈರ್ಯವಂತನೇ.

ಹಬ್ಬದ ದಿನ ಮಾದೇವನಿಗೆ ದೊಡ್ಡಮೊಕ ಕಟ್ಟಿದರು. ಮಾರಿಗುಡಿಯ ಮುಂದೆ ಊರು ಸೇರಿತ್ತು. ಗಂಗಾಧರಸ್ವಾಮಿ ಬಂದು ತುಟಿಗೆ ಕಿವಿ ಇಟ್ಟರು. ಬಹಳ ಹೊತ್ತು ಇಟ್ಟರು. ಎದ್ದು ಹೇಳಿದರು: ‘ಕುಮಾರಿ ಅನ್ನೋ ಹೆಣ್ಣು ಊರ್ನಾಗೆ ಇರಕೂಡ್ದು ಅಂತಾವ್ಳೆ ತಾಯಿ. ಇದ್ರೆ ಊರಿಗೆ ಕೇಡು.’

ಹೇಳಿದ್ದು ಮಾರಮ್ಮ. ಮಾರಮ್ಮ ಎಂದರೆ ಆ ಹೊತ್ತಿಗೆ ಮಾದೇವ. ಹೆತ್ತ ಅಪ್ಪನ ಬಾಯಿಂದಲೇ ಮಗಳಿಗೆ ಗಡೀಪಾರಾಯಿತು, ಆ ಬಾಯಿ ಇಲ್ಲದೆ ಇದ್ದರೂ. ಊರು ಕೈ ಮುಗಿಯಿತು. ಮಾದೇವ ನಿಂತೇ ಇದ್ದ. ಹಗ್ಗ ಬಿಚ್ಚುವವರೆಗೂ ಮೊಕ ಹೊತ್ತವನು ಅಲುಗುವ ಹಾಗಿಲ್ಲ.

ಕುಮಾರಿ ಮಾರನೆಯ ದಿನ ಬಸ್ಸು ಹತ್ತಿ ಗಡಿಯಾಚೆಯ ಸುಲ್ತಾನ್ ಬತ್ತೇರಿಗೆ ಹೋದಳು. ಅಲ್ಲೊಂದು ಬಟ್ಟೆಯಂಗಡಿಯಲ್ಲಿ ಸೀರೆ ಮಡಚುತ್ತಾಳೆ, ಮಲಯಾಳ ಕಲಿತಿದ್ದಾಳೆ. ಬಸವಪ್ರಸಾದ್ ಅದೇ ವರ್ಷ ಮಧುಶ್ರೀ ಎಂಬ ಹುಡುಗಿಯನ್ನು ಮದುವೆಯಾದ. ನಾನು ಆ ಮದುವೆಯಲ್ಲಿ ಹೋಳಿಗೆ ತಿಂದಿದ್ದೇನೆ, ಚೆನ್ನಾಗಿತ್ತು.

ಮಾದೇವನ ಹೆಂಡತಿ ರಾಚಮ್ಮ ಹಬ್ಬದ ದಿನ ರಾತ್ರಿಯ ಊಟದಲ್ಲಿ ಗಂಡನನ್ನು ಒಂದೇ ಮಾತು ಕೇಳಿದಳು. ‘ಅವ್ರು ಅಂಗಂದಾಗ ಒಳ್ಗಿಂದ ನೀ ಏನಂದೆ?’

‘ಮೊಕ ಕಟ್ಟುದ್ಮ್ಯಾಲೆ ನಾನಿರಕಿಲ್ಲ ಕಣಮ್ಮಿ. ನಂಗೇನ್ ಗೊತ್ತು?’ ಎಂದ ಮಾದೇವ.

ಅವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಅನ್ನ ಇಡುತ್ತಿದ್ದಳು, ನೀರು ಕಾಯಿಸುತ್ತಿದ್ದಳು. ಮಾತೇನಿದ್ದರೂ ನೀಲಾವತಿಯ ಮೂಲಕ.

[ಒಂದೇ ರೂಮಿನ ಮನೆ ಸಾರ್. ‘ನಿಮ್ಮಪ್ಪಂಗೆ ಯೋಳು ಸಾರು ಮುಗೀತು ಅಂತ’ ಅನ್ನೋಳು. ಅಪ್ಪ ಪಕ್ಕದಲ್ಲೇ ಕೂತಿರೋದು. ನಾನು ತಿರುಗಿ ಯೋಳೋಳು.]

೫

ಈ ಭಾಗದಲ್ಲಿ ಮಾದೇವನ ಮನಸ್ಸಿನೊಳಗೆ ಹೊಕ್ಕು ಎರಡು ಪುಟ ಬರೆದಿದ್ದೆ. ಮೊಕದೊಳಗಿನ ಕತ್ತಲು, ಮರದ ವಾಸನೆ, ಬೆವರು, ಮಗಳ ಹೆಸರು ಕಿವಿಗೆ ಬಿದ್ದಾಗ ಅವನ ಎದೆ ಒಡೆದದ್ದು, ಅವನು ‘ಬ್ಯಾಡ’ ಎಂದು ಕಿರುಚಿದ್ದು, ಆ ಕಿರುಚಾಟ ಹೊರಗೆ ಗುಂಯ್ ಎಂದಷ್ಟೇ ಕೇಳಿಸಿದ್ದು. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು. ನನ್ನ ಬರಹಕ್ಕೆ ನಾನೇ ಅಳುವುದು ಅಪರೂಪವಲ್ಲ.

[ಅದ್ನ ನಾನು ಟೈಪ್ ಮಾಡ್ನಿಲ್ಲ. ಅಪ್ಪ ಕಿರುಚಿದ್ದು ನಿಮ್ಗೆ ಹೆಂಗೆ ಗೊತ್ತು? ಯಜಮಾನ್ರು ಹೊರ್ಗಿಂದ ಕಿವಿ ಇಟ್ರು, ನೀವು ಒಳ್ಗೇ ಹೊಕ್ಬುಟ್ರಿ. ಅಷ್ಟೇ ವ್ಯತ್ಯಾಸ.]

ವಾದ ಮಾಡಿದೆ. ಕಥೆಗಾರನಿಗೆ ಪಾತ್ರದ ಮನಸ್ಸು ಹೊಗುವ ಹಕ್ಕಿದೆ, ಜಗತ್ತಿನ ಸಾಹಿತ್ಯವೆಲ್ಲ ನಿಂತಿರುವುದೇ ಆ ಹಕ್ಕಿನ ಮೇಲೆ ಎಂದೆ. ಅವಳು ಜೆರಾಕ್ಸ್ ಯಂತ್ರಕ್ಕೆ ಹಾಳೆ ತುಂಬುತ್ತ, ‘ಆ ಹಕ್ಕು ನಿಮ್ಗೆ ಯಾರು ಕೊಟ್ರು ಸಾರ್? ಮನೆತನದ್ದಾ?’ ಎಂದಳು. ಸಿಟ್ಟು ಬಂತು. ಎದ್ದು ಬಂದುಬಿಟ್ಟೆ. ಬಸ್ಸಿನಲ್ಲಿ ಚಾಮರಾಜನಗರದವರೆಗೂ ಅವಳಿಗೆ ಕೊಡಬೇಕಾದ ಉತ್ತರ ಹುಡುಕಿದೆ. ಇಳಿದ ಮೇಲೆ ಎರಡು ಪುಟ ಹರಿದೆ.

ಆದ್ದರಿಂದ ಓದುಗರೇ, ಈ ಕಥೆಯಲ್ಲಿ ಮಾದೇವ ಏನು ಅಂದುಕೊಂಡ ಎಂಬುದು ನಿಮಗೆ ಸಿಗುವುದಿಲ್ಲ. ಅವನು ಬಾಯಿಬಿಟ್ಟು ಏನು ಹೇಳಿದ ಎಂಬುದು ಮಾತ್ರ, ಅದೂ ಕೇಳಿಸಿಕೊಂಡವರಿದ್ದರೆ.

೬

ಇನ್ನೊಂದು ಪಕ್ಷದ ಮಾತೂ ಇರಲಿ. ಇಲ್ಲದಿದ್ದರೆ ಏಕಪಕ್ಷೀಯ ಎಂದು ವಿಮರ್ಶಕರು ಗೊಣಗುತ್ತಾರೆ. ಗಂಗಾಧರಸ್ವಾಮಿಗಳ ಮನೆಗೆ ಹೋದೆ. ಶಾಂತಮಲ್ಲಮ್ಮನವರು, ಅಂದರೆ ಅವರ ಹೆಂಡತಿ, ಕಾಫಿ ಕೊಟ್ಟು ಒಳಗೆ ಹೋದರು.

‘ಅವತ್ತು ಮೊಕ ನಿಮಗೆ ಏನಾದರೂ ಅಂದಿತ್ತಾ?’ ಎಂದು ಕೇಳಿದೆ.

ಅವರು ನಕ್ಕರು. ‘ಮೇಷ್ಟ್ರೇ, ನಮ್ಮಪ್ಪ ಸಾಯುವಾಗ ನನ್ನ ಕರ್ದು ಒಂದ್ ಮಾತ್ ಹೇಳ್ದ. ಕಿವಿ ಇಟ್ಟಾಗ ಏನೂ ಕೇಳ್ಸಕಿಲ್ಲ ಕಣ್ಲಾ, ಗಾಬ್ರಿ ಬೀಳ್ಬ್ಯಾಡ, ಊರಿಗೆ ಏನ್ ಬೇಕೋ ಅದ್ನ ಹೇಳು ಅಂತ.’

‘ಊರಿಗೆ ಕುಮಾರಿ ಹೋಗೋದು ಬೇಕಿತ್ತಾ?’

ಅವರ ಮುಖದ ನಗು ಹೋಯಿತು. ‘ನೀವು ಪೇಪರ್ ಓದಾಕಿಲ್ವ? ಇಂಥಾ ಇಸ್ಯದಾಗೆ ಬೇರೆ ಊರ್ಗಳಾಗೆ ಹೆಣ್ಣುಮಕ್ಕಳಿಗೆ ಏನಾಯ್ತು ಅಂತ ನೋಡಿಲ್ವ? ನಮ್ಮ ಹುಡುಗ್ರು ಕೈಗೆ ಕತ್ತಿ ತಗೊಂಡಿದ್ರು. ನಾನು ತಾಯಿ ಹೆಸ್ರಲ್ಲಿ ಅವ್ಳ ಕಳುಸ್ದೆ. ಇವತ್ತು ಉಸ್ರಾಡ್ತಾವಳೆ ಅಂದ್ರೆ ನನ್ನಿಂದ. ಮಾದೇವಂಗೆ ಅದು ಗೊತ್ತದೆ.’

ಅವರು ನಂಬಿ ಹೇಳುತ್ತಿದ್ದರು. ಸುಳ್ಳು ಹೇಳುತ್ತಿದ್ದರೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲ. ಕಾಫಿ ಪೂರ್ತಿ ಕುಡಿದೆ.

೭

ಈ ವರ್ಷ ದೊಡ್ಡಮೊಕಕ್ಕೆ ಗೆದ್ದಲು ಹತ್ತಿತು. ಪೆಟ್ಟಿಗೆ ತೆಗೆದಾಗ ಗಲ್ಲ ಪುಡಿಪುಡಿ. ಹೊಸದು ಕೆತ್ತಿಸಬೇಕು. ಕೆತ್ತುವವರು ಕುದೇರಿನ ಶಿವಣ್ಣ ಆಚಾರಿ. ಕೆತ್ತನೆ ಸರಿಯಿದೆಯೇ ಎಂದು ನೋಡಿ ಬರುವುದು ಕಟ್ಟುವ ಮನೆಯವರ ಕೆಲಸ. ಮಾದೇವ ಹೋಗಲಿಲ್ಲ, ನೀಲಾವತಿ ಹೋದಳು. ಜೊತೆಯಲ್ಲಿ ಪ್ಲಾಸ್ಟಿಕ್ಕಿನ ಇನ್ನೊಂದು ಮುಖವಾಡ ಒಯ್ದಳು.

(ಸಂಪಾದಕರೇ, ನಿಮ್ಮ ಹುಲಿ ಇಲ್ಲಿ ಬರುತ್ತದೆ, ಕಣ್ಣಿಗೆ ಕಾಣದೆ. ಹುಲಿ ಮನುಷ್ಯನ ಮೇಲೆ ಹಿಂದಿನಿಂದ ಬೀಳುತ್ತದೆ, ಮುಖ ಕಂಡರೆ ಹಿಂಜರಿಯುತ್ತದೆ ಎಂದು, ಕಾಡಂಚಿನ ಹೊಲಗಳಲ್ಲಿ ದುಡಿಯುವವರಿಗೆ ತಲೆಯ ಹಿಂಬದಿಗೆ ಕಟ್ಟಿಕೊಳ್ಳಲು ಅರಣ್ಯ ಇಲಾಖೆಯವರು ಮನುಷ್ಯನ ಮುಖವಾಡ ಹಂಚಿದ್ದರು. ಕಳೆ ಕೀಳುವ ಸಾಲನ್ನು ಹಿಂದಿನಿಂದ ನೋಡಿದರೆ ಒಂದೇ ಅಚ್ಚಿನ ಹತ್ತಾರು ಮುಖಗಳು ಹಲ್ಲು ಬಿಟ್ಟು ನಿಮ್ಮನ್ನೇ ನೋಡುತ್ತಿರುತ್ತವೆ.)

ಅಂಥದೊಂದನ್ನು ನೀಲಾವತಿ ಆಚಾರಿಯ ಮುಂದಿಟ್ಟು, ‘ಶಿವಣ್ಣ, ಹೊಸಾ ಮೊಕಕ್ಕೂ ಇಂಗೇ ಬಾಯಿ ಕೊರಿ’ ಎಂದಳು.

‘ನಿಂಗೇನ್ ತಲೆ ಕೆಟ್ಟದಾ ಮಗಾ? ಅದು ಮಾರಮ್ಮನ ಮೊಕ.’

‘ಹುಲಿ ನೋಡೋ ಮೊಕಕ್ಕೆ ಬಾಯದೆ, ಊರು ನೋಡೋ ಮೊಕಕ್ಕೆ ಬ್ಯಾಡ್ವಾ?’

ಶಿವಣ್ಣ ಉಳಿ ಕೆಳಗಿಟ್ಟು ಬೀಡಿ ಹಚ್ಚಿದರಂತೆ. ‘ಕೊರೀಬ್ಯಾಡ ಅಂತ ನಂಗೆ ಯಾರೂ ಯೋಳಿಲ್ಲ, ಹಳೇದ್ನ ನೋಡ್ಕೊಂಡು ಮಾಡ್ತಿದ್ದೆ ಅಷ್ಟೆ. ಆದ್ರೆ ಕೇಳುದ್ರೆ ನಿನ್ನೆಸ್ರು ಯೋಳ್ತೀನಿ.’

‘ಯೋಳು’ ಎಂದಳು.

ಅವಳಿಗೆ ಬೇಕಿದ್ದುದು ಇಷ್ಟೇ: ಬಾಯಿ ಇರುವ ಮೊಕ ಕಟ್ಟಿಕೊಂಡು ಅಪ್ಪ ಊರಿನ ಮುಂದೆ ‘ಕುಮಾರಿ ವಾಪಸ್ ಬರಲಿ’ ಎನ್ನಬೇಕು. ಮಾರಮ್ಮ ಹಾಕಿದ ಅಪ್ಪಣೆಯನ್ನು ಮಾರಮ್ಮನೇ ತೆಗೆಯಬೇಕು. ನಡುವೆ ಯಾರ ಕಿವಿಯೂ ಬೇಡ. ಅಪ್ಪನಿಗೆ ಹೇಳಿದಳು. ಅವನು ಬಾಯಿಯ ಸೀಳನ್ನು ಬೆರಳಿನಿಂದ ಸವರಿ ನೋಡಿದನಂತೆ. ಆಯ್ತು ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ.

[ರಾಚಮ್ಮ, ಅಂದ್ರೆ ಅವ್ವ, ಆಗ ಒಲೆ ಮುಂದೆ ಇದ್ಲು. ಎಲ್ಲಾ ಕೇಳುಸ್ಕೊಂಡ್ಲು. ಹಾಕಿ ಇದ್ನ.]

೮ (ಕರಡು ಅ)

ಹಬ್ಬ. ತುಟಿ ಸೀಳಿದ ಹೊಸ ಮೊಕ. ಜನ ಬೆಚ್ಚಿಬಿದ್ದರು. ಮಾದೇವ ಗುಡುಗಿದ: ‘ನನ್ನ ಮಗಳು ಬರ್ಲಿ!’ ಮೇಲ್ಬೀದಿ ನಡುಗಿತು. ಗಂಗಾಧರಸ್ವಾಮಿ ಮೊಣಕಾಲೂರಿದರು. ಬತ್ತೇರಿಯ ಬಸ್ಸಿನಿಂದ ಕುಮಾರಿ ಇಳಿದಳು. ತಾಯಿ ಮಗಳು ತಬ್ಬಿಕೊಂಡರು.

(ಹೀಗೆ ಬರೆಯಲು ಎಷ್ಟು ಹೊತ್ತು ಬೇಕು? ಒಂದು ಟೀ ಆರುವಷ್ಟು. ನಿಮಗೂ ಇದೇ ಬೇಕು, ಗೊತ್ತು. ನನಗೂ ಬೇಕಿತ್ತು.)

[ಟೈಪ್ ಮಾಡ್ವಾಗ ನಾನೂ ಅತ್ತೆ. ಆದ್ರೂ ಸುಳ್ಳು.]

೮ (ನಡೆದದ್ದು)

ನಾನು ಅಲ್ಲಿದ್ದೆ. ಗಂಗಾಧರಸ್ವಾಮಿಗಳ ಪಕ್ಕದಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಮಧ್ಯಾಹ್ನದ ಬಿಸಿಲು. ಮಾದೇವ ದೊಡ್ಡಮೊಕ ಕಟ್ಟಿಕೊಂಡು ಮಾರಿಗುಡಿಯಿಂದ ಹೊರಗೆ ಬಂದ. ತಮಟೆ ನಿಂತಿತು. ಮೊದಲು ಒಬ್ಬರು ಕಂಡರು, ಆಮೇಲೆ ಎಲ್ಲರೂ ಕಂಡರು. ಕೆಂಪು ತುಟಿಗಳ ನಡುವೆ ಕಪ್ಪು ಸೀಳು. ಅದರೊಳಗೆ ಮನುಷ್ಯನ ತುಟಿ ಅಲುಗಿತು.

ನೀಲಾವತಿ ಹೆಂಗಸರ ಗುಂಪಿನಲ್ಲಿ ಹಿಂದೆ ಎಲ್ಲೋ ನಿಂತಿದ್ದಳು. ಮಾದೇವ ಮಾತಾಡಲು ಇದ್ದ ಹೊತ್ತು ಅದೇ. ಅದು ಬಹಳ ಹೊತ್ತಲ್ಲ, ಆದರೆ ಒಂದು ಹೆಸರು ಹೇಳಲು ಸಾಕಾಗುತ್ತಿತ್ತು. ಅವನು ಉಸಿರು ಎಳೆದುಕೊಂಡ ಸದ್ದು ನನ್ನ ಕುರ್ಚಿಯವರೆಗೂ ಕೇಳಿಸಿತು.

ಗಂಗಾಧರಸ್ವಾಮಿ ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಅವರು ಎದ್ದರು, ಎರಡೂ ಕೈ ಜೋಡಿಸಿದರು, ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ‘ತಾಯಿಗೆ ಬಾಯಿ ಬಂದದೆ ಕಣ್ರಪ್ಪೋ! ಇಷ್ಟು ವರ್ಷದಿಂದ ಹಸ್ಕೊಂಡವ್ಳೆ. ಮೊದ್ಲು ಉಣ್ಣುಸ್ರಿ!’ ಎಂದು ಕೂಗಿ, ಆರತಿಯ ತಟ್ಟೆಯಿಂದ ಒಂದು ಉಂಡೆ ತಂಬಿಟ್ಟು ತೆಗೆದು ಆ ಸೀಳಿನೊಳಗೆ ಇಟ್ಟರು.

ಅಷ್ಟೇ ಸಾಕಾಯಿತು. ಊರಿಗೆ ಊರೇ ಮುಗಿಬಿತ್ತು. ಅಮ್ಮನಿಗೆ ಉಣ್ಣಿಸುವ ಭಾಗ್ಯ ಯಾರಿಗೆ ಬೇಡ? ಮೇಲ್ಬೀದಿಯವರು, ಕೆಳಬೀದಿಯವರು, ಬಸುರಿಯರು, ಮುದುಕಿಯರು, ಒಬ್ಬರ ಹಿಂದೊಬ್ಬರು ಅಳುತ್ತ ಬಂದು ಅಕ್ಕಿಹಿಟ್ಟು ಬೆಲ್ಲದ ಆ ಉಂಡೆಗಳನ್ನು ಒಳಗೆ ತುರುಕಿದರು. ಬಸವಪ್ರಸಾದನೂ ಮಧುಶ್ರೀಯೂ ಜೋಡಿಯಾಗಿ ಬಂದು ಇಟ್ಟರು. ಮಾದೇವ ಕೈ ಎತ್ತುವ ಹಾಗಿಲ್ಲ, ತಲೆ ತಿರುಗಿಸುವ ಹಾಗಿಲ್ಲ. ಕೆಮ್ಮಿದ. ‘ತೃಪ್ತಿ ಆಯ್ತಂತೆ!’ ಎಂದರು ಗಂಗಾಧರಸ್ವಾಮಿ. ಮತ್ತೆ ಕೆಮ್ಮಿದ. ‘ಇನ್ನೂ ಬೇಕಂತೆ!’ ಎಂದರು. ಕೈಗಳು ಮತ್ತೆ ಮುಂದೆ ಬಂದವು.

ಸೀಳು ಕೊರೆಸಿದವಳು ಮಾತಿಗೆಂದು ಕೊರೆಸಿದ್ದಳು. ಊರು ಅದನ್ನು ಭಕ್ತಿಯಿಂದ ಮುಚ್ಚಿತು. ಯಾರೊಬ್ಬರ ಮನಸ್ಸಿನಲ್ಲೂ ಕೆಟ್ಟದ್ದು ಇರಲಿಲ್ಲ, ಆ ಜನರನ್ನು ಬೈಯಲು ನನಗೆ ಒಂದು ಪದವೂ ಸಿಗುತ್ತಿಲ್ಲ.

[ನೀವೂ ಉಣ್ಣುಸ್ದ್ರಿ ಸಾರ್. ಯಜಮಾನ್ರು ಕೈಗೆ ಉಂಡೆ ಕೊಟ್ರು, ಎದ್ದು ಹೋಗಿ ಇಟ್ರಿ. ನಾನು ನೋಡ್ದೆ. ಅದನ್ಯಾಕೆ ಬರ್ದಿಲ್ಲ?]

ಬರೆಯುತ್ತಿದ್ದೆ. ಸರದಿಯಲ್ಲಿ ಬರುತ್ತಿತ್ತು.

[ಇಲ್ಲ, ನೀವು ಬರೀತಿರ್ನಿಲ್ಲ.]

೯

ಸಾಲಿನ ಕೊನೆಯಲ್ಲಿ ರಾಚಮ್ಮ ಬಂದಳು. ಕೈಯಲ್ಲಿ ತಂಬಿಟ್ಟು ಇರಲಿಲ್ಲ. ಗಂಡನ ಮುಂದೆ ನಿಂತು ಎರಡು ಬೆರಳನ್ನು ಸೀಳಿನೊಳಗೆ ತೂರಿಸಿದಳು. ಮಣ್ಣು ತಿಂದ ಮಗುವಿನ ಬಾಯಿಂದ ತೆಗೆಯುತ್ತಾರಲ್ಲ, ಹಾಗೆ ಕೆದಕಿ ಕೆದಕಿ ತಂಬಿಟ್ಟನ್ನು ಹೊರಗೆ ತೆಗೆದಳು. ತೆಗೆದದ್ದನ್ನು ನೆಲಕ್ಕೆ ಹಾಕಿದಳು. ‘ಅಯ್ಯಯ್ಯೋ, ಅಮ್ಮನ ಎಡೆ!’ ಎಂದು ಯಾರೋ ಕಿರುಚಿದರು. ಅವಳು ತಿರುಗಿ ನೋಡಲಿಲ್ಲ. ಒಳಗಿನವನಿಗೆ ಉಸಿರು ಬಂತು.

ಆಮೇಲೆ, ಯಜಮಾನರು ಕಿವಿ ಇಡುವ ಜಾಗದಲ್ಲಿ ರಾಚಮ್ಮ ತನ್ನ ಕಿವಿ ಇಟ್ಟಳು. ‘ಈಗ ಯೋಳು’ ಎಂದಳು. ಮೂರು ವರ್ಷದಲ್ಲಿ ಅವಳು ಗಂಡನಿಗೆ ನೇರವಾಗಿ ಆಡಿದ ಮಾತು ಇದೊಂದೇ.

ಗಂಗಾಧರಸ್ವಾಮಿ ಕೈ ಬೀಸಿದರು. ತಮಟೆ ಒಮ್ಮೆಲೇ ಬಡಿಯಿತು. ತಮಟೆ ಹಿಡಿದಿದ್ದವನು ನಿಂಗರಾಜು, ರಾಚಮ್ಮನ ಸ್ವಂತ ತಮ್ಮ. ಕೈ ಬೀಸಿದಾಗ ಬಡಿದು ರೂಢಿ.

ಮೊಕದೊಳಗಿನ ತುಟಿ ಅಲುಗಿದ್ದನ್ನು ನಾನು ಕಂಡೆ. ಇಷ್ಟು ಮಾತ್ರ ಸತ್ಯವಾಗಿ ಹೇಳಬಲ್ಲೆ. ರಾಚಮ್ಮ ಕಿವಿ ತೆಗೆದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮನೆಗೆ ಹೋಗಲಿಲ್ಲ, ಸೀರೆ ಬದಲಿಸಲಿಲ್ಲ. ರಸ್ತೆಗೆ ನಡೆದು ಗುಂಡ್ಲುಪೇಟೆಯ ಟೆಂಪೊ ಹತ್ತಿದಳು, ಅಲ್ಲಿಂದ ಬತ್ತೇರಿ ಬಸ್ಸು. ಈಗಲೂ ಅಲ್ಲೇ ಇದ್ದಾಳೆ, ದೊಡ್ಡ ಮಗಳ ಜೊತೆ.

೧೦

ಈಗ ನಿಮಗೆ ಬೇಕಾದದ್ದು ಒಂದೇ: ಮಾದೇವ ಏನಂದ?

ಒಂದು. ‘ಹೋಗಿ ಮಗಳ ಕರ್ಕೊ ಬಾ’ ಎಂದ. ಅದಕ್ಕೇ ಅವಳು ಬಸ್ಸು ಹತ್ತಿದಳು. ಕರೆತರುವ ಧೈರ್ಯ ಇನ್ನೂ ಸಾಲದೆ ಅಲ್ಲೇ ಉಳಿದಿದ್ದಾಳೆ.

ಎರಡು. ‘ಊರಿಗೆ ಒಳ್ಳೇದಾಯ್ತದೆ, ಮಳೆ ಬೆಳೆ ಆಯ್ತದೆ’ ಎಂದ. ಅಷ್ಟು ವರ್ಷ ಯಜಮಾನರು ಅವನ ಹೆಸರಿನಲ್ಲಿ ಹೇಳಿದ್ದನ್ನೇ, ಬಾಯಿ ಸಿಕ್ಕಿದಾಗ ತಾನೇ ಹೇಳಿದ. ಅದಕ್ಕೇ ಅವಳು ಬಸ್ಸು ಹತ್ತಿದಳು.

ಮೂರು. ‘ಬುಡು ರಾಚಿ, ಮನೆಗೋಗನ’ ಎಂದ. ಇದು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಅದಕ್ಕೂ ಬಸ್ಸು ಹತ್ತಬಹುದು.

ನಾಲ್ಕು...

[ಸಾಕು. ಅವ್ವ ನಂಗೂ ಯೋಳಿಲ್ಲ. ಫೋನ್ ಮಾಡುದ್ರೆ ‘ಕುಮಾರಿ ಚೆನ್ನಾಗವ್ಳೆ, ಊಟ ಮಾಡ್ದಾ’ ಅಂತಳೆ, ಕಟ್ ಮಾಡ್ತಳೆ. ನೀವು ಬರ್ದುದ್ದನ್ನ ದಿನಾ ಅವ್ಳಿಗೆ ಓದ್ತಾ ಇದೀನಿ. ಈ ಪಟ್ಟಿ ಓದ್ದಾಗ ಏನೂ ಅನ್ನಿಲ್ಲ. ಉಸ್ರಾಡೋದು ಕೇಳುಸ್ತಿತ್ತು ಅಷ್ಟೆ.]

ಸಂಪಾದಕರು ಫೋನ್ ಮಾಡಿ ಮುಕ್ತಾಯ ಯಾವಾಗ ಎನ್ನುತ್ತಿದ್ದಾರೆ. ಒಂಬತ್ತರ ಕೊನೆಗೇ ನಿಲ್ಲಿಸಿ ಕೈ ತೊಳೆದುಕೊಳ್ಳಬಹುದಿತ್ತು: ಹೆಂಗಸು ಬಸ್ಸು ಹತ್ತಿದಳು, ದೂಳೆದ್ದಿತು. ಆದರೆ ಮುಂದಿನ ಹಬ್ಬಕ್ಕೆ ತಂಬಿಟ್ಟು ಜಾಸ್ತಿ ಮಾಡಬೇಕೆಂದು ಊರಿನಲ್ಲಿ ಆಗಲೇ ಮಾತು ನಡೆದಿದೆ. ಬಾಯಿಗೆ ಬೆಳ್ಳಿಯ ಅಂಚು ಕಟ್ಟಿಸಿಕೊಡುತ್ತೇನೆಂದು ಬಸವಪ್ರಸಾದ್ ಹರಕೆ ಹೊತ್ತಿದ್ದಾನೆ. ಇದಕ್ಕೆ ಎಲ್ಲಿ ಫುಲ್‌ಸ್ಟಾಪ್ ಇಡುವುದು, ನೀವೇ ಹೇಳಿ. ನಾನಂತೂ ಇಡುವುದಿಲ್ಲ.

೧೧

ಹೋದ ವಾರ ಮಾದೇವನೇ ಹೇಳಿಕಳಿಸಿದ. ಹೋದೆ. ಚೆಂಡುಹೂವಿನ ಹೊಲದ ಬದುವಿನ ಮೇಲೆ ಕೂತಿದ್ದ, ಕೈಯೆಲ್ಲ ಹಳದಿ. ಪಕ್ಕದಲ್ಲಿ ಕೂತೆ. ಇಷ್ಟೆಲ್ಲ ಬರೆದ ಮೇಲೆ ಅವನ ಜೊತೆ ನಾನು ಮಾತಾಡಿದ್ದು ಅದೇ ಮೊದಲು.

‘ಸಾ, ನೀವು ಬರ್ದುದ್ದ ನೀಲಾ ಅವ್ರವ್ವಂಗೆ ಫೋನ್ನಾಗೆ ಓದಿ ಯೋಳ್ತಾಳಂತೆ, ದಿಟವಾ?’

‘ಹೌದು.’

‘ಅಂಗಾರೆ ಬರೀರಿ. ಮೊಕದೊಳ್ಗಿಂದ ಮಾದೇವ ಅಂದ, ನನ್ ಮಗಳ ಕರ್ಕೊ ಬಾ ಅಂತ.’

‘ಹಾಗಂದೆಯಾ ಮಾದೇವ?’

‘ಬರೀರಿ ಸಾ.’

‘ರಾಚಮ್ಮ ಕಿವಿ ಇಟ್ಟು ಕೇಳಿದ್ದಾಳಲ್ಲ. ನೀನು ಏನಂದೆ ಅಂತ ಅವಳಿಗೆ ಗೊತ್ತಿದೆ.’

ಅವನು ಹೊಲದ ಕಡೆ ನೋಡಿದ. ‘ತಮಟೆ ಬಡೀತಿದ್ರು. ಅವ್ಳಿಗೂ ಗುಂಯ್ ಅಂತ್ಲೇ ಕೇಳ್ಸಿರಬೋದು. ಯಾರ್ ಕಂಡೋರು? ನೀವು ಬರುದ್ರೆ ಅದೇ ಆಯ್ತದೆ. ಯಜಮಾನ್ರು ಯೋಳುದ್ರೆ ಆಯ್ತಿರ್ನಿಲ್ವಾ, ಅಂಗೆ.’

ಬರೆದರೆ ಅವಳು ಬರಬಹುದು. ಬರೆದರೆ, ಅವಳು ಕೇಳಿಸಿಕೊಂಡದ್ದು ಬೇರೆಯಾಗಿದ್ದರೆ, ಅವಳು ಇನ್ನೆಂದೂ ಬರದಿರಬಹುದು. ಅವನು ಹಳದಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದ.

‘ಬರ್ಕೊಳಿ ಸಾ.’

‘ಪೆನ್ನು ತಂದಿಲ್ಲ’ ಎಂದೆ.

ಪೆನ್ನು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಮಾದೇವ ಅದನ್ನು ನೋಡಿದ. ನಾನು ಅವನು ನೋಡಿದ್ದನ್ನು ನೋಡಿದೆ.

‘ಆಯ್ತು ಸಾ, ನಾಳೆ ತನ್ನಿ’ ಎಂದು ಹೇಳಿ, ಹೂ ಕೀಳಲು ಎದ್ದುಹೋದ.